ಮೈಸೂರು–ಮಂಡ್ಯದ ಮನೆಗೆ ತಂಪು ಮತ್ತು ಬಿಸಿನೀರು: ಕಡಿಮೆ ವಿದ್ಯುತ್ತಿನ ಉಪಕರಣಗಳನ್ನು ಆರಿಸುವ ಬಗೆ

ಮೈಸೂರು, ಮಂಡ್ಯದ ಕಡೆ ಹೊಸ ಮನೆ ಕಟ್ಟಿಸಿದವರು ವಿದ್ಯುತ್ ಉಪಕರಣಗಳ ಪಟ್ಟಿ ಹಿಡಿದು ಅಂಗಡಿಗೆ ಹೋದರೆ ಮಾತು ಎಸಿಯಿಂದಲೇ ಆರಂಭವಾಗುತ್ತದೆ. ಮೈಸೂರು ಸಮುದ್ರಮಟ್ಟದಿಂದ 750 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಮಂಡ್ಯ ಅದಕ್ಕಿಂತ ತುಸು ತಗ್ಗಿನಲ್ಲಿದ್ದು ಬೇಸಿಗೆಯಲ್ಲಿ ತುಸು ಹೆಚ್ಚು ಕಾಯುತ್ತದೆ. ಎರಡೂ ಊರುಗಳಲ್ಲಿ ಕೊಠಡಿಯನ್ನು ಬಿಸಿ ಮಾಡಿಕೊಳ್ಳುವ ಅಗತ್ಯ ಬಹುತೇಕ ಇಲ್ಲ. ಯಂತ್ರದಿಂದ ತಣಿಸಿಕೊಳ್ಳಬೇಕಾಗುವುದೂ ಶಿವರಾತ್ರಿ ಕಳೆದ ಮೇಲೆ ಮುಂಗಾರು ಹಿಡಿಯುವ ತನಕ, ಎರಡು ಮೂರು ತಿಂಗಳು ಮಾತ್ರ. ಆದರೆ ಸ್ನಾನಕ್ಕೆ ಬಿಸಿನೀರು ವರ್ಷದ 365 ದಿನವೂ ಬೇಕು, ಫ್ಯಾನು ವರ್ಷದ ಬಹುಪಾಲು ತಿರುಗುತ್ತಲೇ ಇರುತ್ತದೆ. ಆದ್ದರಿಂದ ಮುಂದೆ ಹೇಳುವ ಎಲ್ಲ ಹಂತಗಳಿಗೂ ಅಳತೆಗೋಲು ಒಂದೇ: ಒಂದು ಉಪಕರಣ ವರ್ಷಕ್ಕೆ ಎಷ್ಟು ಗಂಟೆ ಓಡುತ್ತದೆ ಎಂಬುದನ್ನು ಮೊದಲು ಲೆಕ್ಕ ಹಾಕಬೇಕು, ಹೆಚ್ಚು ಗಂಟೆ ಓಡುವುದರ ಮೇಲೆಯೇ ಹೆಚ್ಚು ಹಣ ಹಾಕಬೇಕು. ಈ ಲೆಕ್ಕದಲ್ಲಿ ಎಸಿ ಕೊನೆಯ ಸಾಲಿನಲ್ಲಿ ನಿಲ್ಲುತ್ತದೆ.

ಮೊದಲ ಹಂತ: ಮೀಟರನ್ನೂ ಬಿಲ್ಲನ್ನೂ ಓದಿಕೊಳ್ಳುವುದು

ಹೊಸದನ್ನು ಕೊಳ್ಳುವ ಮುನ್ನ ಈಗಿರುವ ಉಪಕರಣ ಎಷ್ಟು ವಿದ್ಯುತ್ ಎಳೆಯುತ್ತಿದೆ ಎಂಬುದನ್ನು ಮನೆಯ ಮೀಟರಿನಿಂದಲೇ ತಿಳಿಯಬಹುದು. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ. ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿಣುಕುತ್ತದೆ ಎಂಬ ಸಂಖ್ಯೆ ಮೀಟರಿನ ಮುಖದ ಮೇಲೆಯೇ ಅಚ್ಚಾಗಿರುತ್ತದೆ. ಆ ಸಂಖ್ಯೆ 3200 ಎಂದಿಟ್ಟುಕೊಳ್ಳೋಣ. ಫ್ರಿಜ್ ಸೇರಿದಂತೆ ಎಲ್ಲವನ್ನೂ ಆರಿಸಿ, ಹಾಲ್‌ನ ಹಳೆಯ ಫ್ಯಾನೊಂದನ್ನು ಮಾತ್ರ ಪೂರ್ಣ ವೇಗದಲ್ಲಿ ಓಡಿಸಿ, ಐದು ನಿಮಿಷ ಎಣಿಸಿದರೆ ಸುಮಾರು 20 ಮಿಣುಕು ಬರುತ್ತದೆ. ಎಂದರೆ ಆ ಫ್ಯಾನು 75 ವ್ಯಾಟ್‌ನದು. ಅದೇ ಐದು ನಿಮಿಷದಲ್ಲಿ 8 ಮಿಣುಕು ಬಂದರೆ 30 ವ್ಯಾಟ್. ಗೀಸರ್ ಹಾಕಿ ಎಣಿಸಲು ಹೊರಟರೆ ಕಣ್ಣು ಸೋಲುತ್ತದೆ: 2 ಕಿಲೋವ್ಯಾಟ್‌ನ ಗೀಸರಿಗೆ ನಿಮಿಷಕ್ಕೆ ನೂರಕ್ಕೂ ಹೆಚ್ಚು ಮಿಣುಕುಗಳಾಗುತ್ತವೆ. ಮನೆಯ ಮಕ್ಕಳಿಗೆ ಈ ಎಣಿಕೆಯ ಕೆಲಸ ಒಪ್ಪಿಸಿದರೆ ಖುಷಿಯಿಂದ ಮಾಡುತ್ತಾರೆ.

ಬಳಿಕ ಹಿಂದಿನ ಹನ್ನೆರಡು ತಿಂಗಳ ಸೆಸ್ಕ್ (ಇಲ್ಲಿಗೆ ವಿದ್ಯುತ್ ಪೂರೈಸುವ ಕಂಪನಿ) ಬಿಲ್ಲುಗಳನ್ನು ಎದುರಿಗಿಟ್ಟುಕೊಂಡು ತಿಂಗಳವಾರು ಯೂನಿಟ್‌ಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಏಪ್ರಿಲ್‌ನಲ್ಲಿ ಏರಿದ್ದರೆ ಅದು ಸೆಕೆಯ ಖರ್ಚು. ಡಿಸೆಂಬರ್, ಜನವರಿಯಲ್ಲಿ ಏರಿದ್ದರೆ ಬಿಸಿನೀರಿನದು. ಇಲ್ಲಿನ ಎಷ್ಟೋ ಮನೆಗಳಲ್ಲಿ ಎರಡನೆಯ ಏರಿಕೆ ಮೊದಲನೆಯದಕ್ಕೇನೂ ಕಡಿಮೆ ಇರುವುದಿಲ್ಲ.

ಗೃಹಜ್ಯೋತಿಯ ಮಿತಿಯನ್ನು ಮರೆಯದಿರುವುದು

ಕರ್ನಾಟಕದಲ್ಲಿ 2023ರಿಂದ ಜಾರಿಯಲ್ಲಿರುವ ಗೃಹಜ್ಯೋತಿ ಯೋಜನೆ ಉಪಕರಣಗಳ ಆಯ್ಕೆಯ ಲೆಕ್ಕವನ್ನೇ ಬದಲಿಸಿದೆ. ಇದನ್ನು ಅಂಗಡಿಯವರು ಹೇಳುವುದಿಲ್ಲ. 2022-23ರ ಸಾಲಿನ ತಿಂಗಳ ಸರಾಸರಿ ಬಳಕೆಗೆ ಶೇಕಡ 10ರಷ್ಟನ್ನು ಸೇರಿಸಿ ಪ್ರತಿ ಮನೆಗೆ ಉಚಿತವಾಗಿ ಸಿಗುವ ಅರ್ಹ ಯೂನಿಟ್‌ಗಳನ್ನು ಗೊತ್ತುಪಡಿಸಲಾಗಿದೆ; ತೀರ ಕಡಿಮೆ ಬಳಸುವ ಮನೆಗಳಿಗೆ ಶೇಕಡಾವಾರಿನ ಬದಲು 10 ಯೂನಿಟ್ ಸೇರಿಸುವ ಕ್ರಮ ಆಮೇಲೆ ಬಂದಿತು. ಅರ್ಹ ಯೂನಿಟ್ ಮೀರಿ, 200ರ ಒಳಗೆ ಬಳಸಿದರೆ ಹೆಚ್ಚುವರಿ ಯೂನಿಟ್‌ಗಳಿಗೆ ಮಾತ್ರ ಹಣ ಕಟ್ಟಬೇಕು. 200 ದಾಟಿದರೆ ಆ ತಿಂಗಳ ಬಿಲ್ಲನ್ನು ಪೂರ್ತಿಯಾಗಿ ಕಟ್ಟಬೇಕು.

ಇದರ ಪರಿಣಾಮವನ್ನು ಒಂದು ಉದಾಹರಣೆಯಲ್ಲಿ ನೋಡೋಣ. ತಿಂಗಳಿಗೆ 90 ಯೂನಿಟ್ ಬಳಸುವ, 99 ಯೂನಿಟ್ ಅರ್ಹತೆ ಇರುವ ಮನೆಯವರು ಒಂದೂವರೆ ಟನ್ನಿನ 3 ಸ್ಟಾರ್ ಎಸಿ ತಂದು ಏಪ್ರಿಲ್‌ನಲ್ಲಿ ದಿನಕ್ಕೆ ಏಳು ಗಂಟೆ ಓಡಿಸಿದರೆ ಸುಮಾರು 130 ಯೂನಿಟ್ ಕೂಡಿ ಒಟ್ಟು 220 ಆಗುತ್ತದೆ. ಯೂನಿಟ್‌ಗೆ ಎಲ್ಲ ಸೇರಿ 7 ರೂಪಾಯಿ ಎಂದು ಅಂದಾಜಿಗೆ ಹಿಡಿದರೂ ಅದುವರೆಗೆ ಸೊನ್ನೆ ಬಿಲ್ಲು ಬರುತ್ತಿದ್ದವರು 1,540 ರೂಪಾಯಿ ಕಟ್ಟಬೇಕಾಗುತ್ತದೆ. ಅದೇ ಅಳತೆಯ 5 ಸ್ಟಾರ್ ಎಸಿ ಸುಮಾರು 100 ಯೂನಿಟ್ ಎಳೆಯುವುದರಿಂದ ಒಟ್ಟು 190ಕ್ಕೆ ನಿಂತು, 91 ಹೆಚ್ಚುವರಿ ಯೂನಿಟ್‌ಗಳಿಗೆ 640 ರೂಪಾಯಿಯಷ್ಟೇ ಆಗುತ್ತದೆ. ಮೂವತ್ತು ಯೂನಿಟ್‌ನ ವ್ಯತ್ಯಾಸಕ್ಕೆ ಒಂಬೈನೂರು ರೂಪಾಯಿ ಎಂದಾಯಿತು. ನಿಮ್ಮ ಮನೆಯ ಬೇಸಿಗೆಯ ಬಳಕೆ 200ರ ಗಡಿಯ ಆಸುಪಾಸಿನಲ್ಲಿದೆಯೇ, ಅದರಿಂದ ಬಹಳ ಕೆಳಗಿದೆಯೇ, ಆಗಲೇ ದಾಟಿದೆಯೇ ಎಂಬುದರ ಮೇಲೆ ಮುಂದಿನ ನಿರ್ಧಾರಗಳೆಲ್ಲ ನಿಂತಿವೆ. ಪ್ರತಿ ತಿಂಗಳೂ ಸೊನ್ನೆ ಬಿಲ್ಲು ಬರುವ ಮನೆಯಲ್ಲಿ ದುಬಾರಿ ಮಿತಬಳಕೆಯ ಉಪಕರಣದಿಂದ ಕೈಗೆ ಹಣ ಉಳಿಯುವುದಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಬೇಕು. ಅಲ್ಲಿ ಅದರ ಲಾಭ ಮಿತಿಯೊಳಗೆ ಉಳಿಯುವುದಷ್ಟೇ.

ಎರಡನೆಯ ಹಂತ: ಯಂತ್ರಕ್ಕೆ ಮುನ್ನ ತಾರಸಿ ಮತ್ತು ಪಶ್ಚಿಮದ ಗೋಡೆ

ಅಗ್ರಹಾರ, ಚಾಮರಾಜಪುರಂ, ಲಕ್ಷ್ಮೀಪುರಂನ ಹಳೆಯ ಮನೆಗಳಲ್ಲಿ ದಪ್ಪ ಗೋಡೆ, ಎತ್ತರದ ಸೂರು, ಮದ್ರಾಸ್ ತಾರಸಿ ಅಥವಾ ಮಂಗಳೂರು ಹೆಂಚು ಇರುವುದರಿಂದ ಏಪ್ರಿಲ್ ಮಧ್ಯಾಹ್ನದಲ್ಲೂ ಒಳಗೆ ಕೂರಬಹುದು. ಈಚಿನ ಬಡಾವಣೆಗಳಲ್ಲಿ ಮೂವತ್ತು ನಲವತ್ತರ ನಿವೇಶನದ ಮೇಲೆ ಎದ್ದಿರುವ ಎರಡು ಅಂತಸ್ತಿನ ಮನೆಗಳ ಸ್ಥಿತಿ ಬೇರೆ. ಅಲ್ಲಿ ಮೇಲಿನ ಮಲಗುವ ಕೋಣೆಗೂ ಬಿಸಿಲಿಗೂ ನಡುವೆ ಇರುವುದು ಐದು ಇಂಚಿನ ಕಾಂಕ್ರೀಟ್ ಸ್ಲ್ಯಾಬ್ ಮಾತ್ರ. ಹಗಲೆಲ್ಲ ಕಾದ ಆ ಸ್ಲ್ಯಾಬ್ ರಾತ್ರಿ ಹೊತ್ತು ಶಾಖವನ್ನು ಒಳಕ್ಕೆ ಬಿಡುತ್ತದೆ. ರಾತ್ರಿ ಎಂಟರ ಹೊತ್ತಿಗೆ ಸ್ಟೂಲ್ ಹತ್ತಿ ಮೇಲಂತಸ್ತಿನ ಸೂರಿಗೆ ಅಂಗೈ ಇಟ್ಟು ನೋಡಿ: ಕೈಗೆ ಬೆಚ್ಚಗೆ ಹತ್ತಿದರೆ ನಿಮ್ಮ ಮನೆಯ ಸೆಕೆಯ ಮೂಲ ಸೂರಿನಲ್ಲಿದೆ, ಆ ಕೋಣೆಗೆ ತರುವ ಎಸಿ ಮೊದಲು ಆ ಸ್ಲ್ಯಾಬಿನೊಡನೆ ಹೋರಾಡಬೇಕಾಗುತ್ತದೆ.

ಇದಕ್ಕೆ ಅಗ್ಗದ ಉಪಾಯವೆಂದರೆ ತಾರಸಿಯನ್ನು ಬೆಳ್ಳಗೆ ಮಾಡುವುದು. ಸುಣ್ಣ ಬಳಿದರೆ ಒಂದು ಬೇಸಿಗೆ ಬರುತ್ತದೆ, ಮಳೆಗೆ ತೊಳೆದುಹೋಗುತ್ತದೆ. ಶಾಖವನ್ನು ಹಿಂದಕ್ಕೆ ಕಳಿಸುವ ಬಿಳಿ ಲೇಪನಗಳು ಕೆಲವು ವರ್ಷ ತಾಳುತ್ತವೆ, ಧೂಳು ಕೂತಂತೆ ಅವುಗಳ ಗುಣ ಇಳಿಯುವುದರಿಂದ ಫೆಬ್ರವರಿಯಲ್ಲಿ ಒಮ್ಮೆ ಉಜ್ಜಿ ತೊಳೆಯಬೇಕು. ಬಿಳಿ ಟೈಲ್ಸ್ ಚೂರುಗಳನ್ನು ಗಾರೆಯಲ್ಲಿ ಕೂರಿಸುವ ಕೆಲಸಕ್ಕೆ ಖರ್ಚು ಹೆಚ್ಚಾದರೂ ಸೋರಿಕೆಯ ಸಮಸ್ಯೆಯೂ ಜೊತೆಗೇ ಬಗೆಹರಿಯುತ್ತದೆ. ಇವುಗಳಿಂದ ಕೋಣೆಯ ಉಷ್ಣತೆ ಒಂದೆರಡು ಡಿಗ್ರಿ ಇಳಿದರೂ, ಸೂರಿನಿಂದ ತಲೆಯ ಮೇಲೆ ಬೀಳುವ ಶಾಖ ಅದಕ್ಕಿಂತ ಹೆಚ್ಚು ತಗ್ಗುವುದರಿಂದ ಮೈಗೆ ಗೊತ್ತಾಗುವ ವ್ಯತ್ಯಾಸ ದೊಡ್ಡದು.

ಪಶ್ಚಿಮದ ಕಿಟಕಿಗೆ ಒಳಗಿನ ಪರದೆಗಿಂತ ಹೊರಗಿನ ನೆರಳು ಮೇಲು, ಏಕೆಂದರೆ ಗಾಜು ದಾಟಿ ಬಂದ ಬಿಸಿಲು ಪರದೆಗೆ ತಗುಲಿದರೂ ಒಳಗೇ ಉಳಿಯುತ್ತದೆ. ಬಿದಿರಿನ ತಟ್ಟಿ ಸಾಕು. ಹಿಂದೆ ಅನುಕೂಲಸ್ಥರ ಮನೆಗಳಲ್ಲಿ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದರು; ಇಂದಿನ ಏರ್ ಕೂಲರಿನ ತತ್ತ್ವ ಅದೇ. ಇನ್ನು ನಮ್ಮ ಹವೆಯ ದೊಡ್ಡ ಉಪಕಾರವೆಂದರೆ ಕಡುಬೇಸಿಗೆಯಲ್ಲೂ ರಾತ್ರಿ ತಂಪಾಗುವುದು. ಕಿಟಕಿಗಳಿಗೆ ಸೊಳ್ಳೆ ಜಾಲರಿ ಹಾಕಿಸಿ, ರಾತ್ರಿ ಒಂಬತ್ತರ ನಂತರ ತೆರೆದು, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನನ್ನು ಒಂದು ಗಂಟೆ ಓಡಿಸಿದರೆ ಒಳಗಿನ ಕಾವು ಹೊರಬೀಳುತ್ತದೆ. ಬೆಳಿಗ್ಗೆ ಬಿಸಿಲೇರುವ ಮುನ್ನ ಕಿಟಕಿ ಮುಚ್ಚಬೇಕು. ಜಾಲರಿಗೆ ಹಾಕಿದ ದುಡ್ಡು ಎಸಿಗೆ ಹಾಕಿದ್ದಕ್ಕಿಂತ ಹೆಚ್ಚು ಫಲ ಕೊಡುವ ಮನೆಗಳು ನಮ್ಮಲ್ಲಿ ಬಹಳ ಇವೆ.

ಮೂರನೆಯ ಹಂತ: ಫ್ಯಾನು

ಇಲ್ಲಿ ಹೆಚ್ಚು ಯೋಚಿಸುವ ಅಗತ್ಯವಿಲ್ಲ. ಹಳೆಯ ಮಾದರಿಯ ಫ್ಯಾನು 70ರಿಂದ 80 ವ್ಯಾಟ್ ಎಳೆದರೆ ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ) ಮೋಟರಿನದು 28ರಿಂದ 35 ವ್ಯಾಟ್‌ನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ದಿನಕ್ಕೆ ಹತ್ತು ಗಂಟೆಯಂತೆ ವರ್ಷಕ್ಕೆ 300 ದಿನ ತಿರುಗುವ ಫ್ಯಾನೊಂದರಲ್ಲಿ 135 ಯೂನಿಟ್ ಉಳಿಯುತ್ತದೆ. ಬಿಲ್ಲು ಕಟ್ಟುವ ಮನೆಯಲ್ಲಿ ಅದು ಸುಮಾರು 945 ರೂಪಾಯಿ. ಬೆಲೆಯಲ್ಲಿ ಹೆಚ್ಚು ಕೊಟ್ಟ ಹಣ ಒಂದೆರಡು ವರ್ಷದಲ್ಲಿ ಹುಟ್ಟುತ್ತದೆ. ಸೀಲಿಂಗ್ ಫ್ಯಾನುಗಳಿಗೆ ಬಿಇಇ, ಅಂದರೆ ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆಯ ಸ್ಟಾರ್ ಲೇಬಲ್ 2023ರ ಜನವರಿಯಿಂದ ಕಡ್ಡಾಯವಾಗಿದೆ. ಆ ಲೇಬಲ್‌ನಲ್ಲಿ ಒಂದು ವ್ಯಾಟ್‌ಗೆ ಎಷ್ಟು ಗಾಳಿ ಎಂಬ ಅಂಕಿಯ ಜೊತೆಗೆ ಒಟ್ಟು ಗಾಳಿಯ ಪ್ರಮಾಣವನ್ನೂ ನೋಡಬೇಕು. ಕಡಿಮೆ ವ್ಯಾಟ್ ತೋರಿಸುವ ಸಲುವಾಗಿ ಗಾಳಿಯನ್ನೇ ಕಡಿಮೆ ಮಾಡಿರುವ ಮಾದರಿಯನ್ನು ತಂದರೆ ಸೆಕೆಗಾಲದಲ್ಲಿ ಪಶ್ಚಾತ್ತಾಪ ಪಡಬೇಕಾದೀತು.

ರಿಮೋಟ್ ಇರುವ ಬಿಎಲ್‌ಡಿಸಿ ಫ್ಯಾನನ್ನು ಗೋಡೆಯ ಹಳೆಯ ರೆಗ್ಯುಲೇಟರ್ ಮೂಲಕ ಓಡಿಸಬಾರದು. ಎಲೆಕ್ಟ್ರಿಷಿಯನ್‌ಗೆ ಹೇಳಿ ರೆಗ್ಯುಲೇಟರನ್ನು ತಪ್ಪಿಸಿ ನೇರ ಸಂಪರ್ಕ ಕೊಡಿಸಬೇಕು. ಯುಪಿಎಸ್ ಇರುವ ಮನೆಯಲ್ಲಿ ಅದೇ ಬ್ಯಾಟರಿ ಎರಡರಷ್ಟು ಹೊತ್ತು ಫ್ಯಾನು ಓಡಿಸುತ್ತದೆ. ಕರೆಂಟು ಪದೇ ಪದೇ ಕೈಕೊಡುವ ಹಳ್ಳಿಗಳಲ್ಲಿ ಬಿಲ್ಲಿನ ಉಳಿತಾಯಕ್ಕಿಂತ ಈ ಅನುಕೂಲವೇ ದೊಡ್ಡದು. ಎಲ್ಲ ಫ್ಯಾನುಗಳನ್ನೂ ಒಟ್ಟಿಗೆ ಬದಲಿಸಬೇಕಾಗಿಲ್ಲ: ಹಾಲ್ ಮತ್ತು ಮಲಗುವ ಕೋಣೆಯವು ಮೊದಲು, ವರ್ಷಕ್ಕೆ ನಾಲ್ಕು ದಿನ ತಿರುಗುವ ಅತಿಥಿಗಳ ಕೋಣೆಯದು ಕೆಟ್ಟಾಗ.

ನಾಲ್ಕನೆಯ ಹಂತ: ಸ್ನಾನದ ನೀರು

ಒಂದು ಬಕೆಟ್ ಎಂದರೆ 18 ಲೀಟರ್. ನಲ್ಲಿಯಲ್ಲಿ 22 ಡಿಗ್ರಿಯಲ್ಲಿ ಬರುವ ನೀರನ್ನು ಸ್ನಾನಕ್ಕೆ ಹದವಾದ 42 ಡಿಗ್ರಿಗೆ ಏರಿಸಲು 0.42 ಯೂನಿಟ್ ಬೇಕು. ಇದು ಭೌತಶಾಸ್ತ್ರದ ಲೆಕ್ಕ. ಯಾವ ಕಂಪನಿಯ ಗೀಸರ್ ತಂದರೂ ಇದಕ್ಕಿಂತ ಕಡಿಮೆಯಾಗದು. ನಾಲ್ವರ ಮನೆಗೆ ದಿನಕ್ಕೆ 1.7 ಯೂನಿಟ್, ತಿಂಗಳಿಗೆ 50 ಯೂನಿಟ್ ಆಗುತ್ತದೆ. ಹಿಂದಿನ ಬಳಕೆಯ ದಾಖಲೆ ಇಲ್ಲದ ಹೊಸ ಮನೆಗಳಿಗೆ ಗೃಹಜ್ಯೋತಿಯಲ್ಲಿ ಗೊತ್ತುಮಾಡಿರುವುದು 58 ಯೂನಿಟ್ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಬಿಸಿನೀರಿನ ತೂಕ ಅರ್ಥವಾಗುತ್ತದೆ. ಬಕೆಟ್ ಬಿಟ್ಟು ಷವರ್ ಕೆಳಗೆ ನಿಂತರೆ ಈ ಅಂಕಿ ಸುಲಭವಾಗಿ ಇಮ್ಮಡಿಯಾಗುತ್ತದೆ.

ತಾರಸಿ ನಿಮ್ಮದೇ ಆಗಿದ್ದರೆ ಸೋಲಾರ್ ವಾಟರ್ ಹೀಟರನ್ನೇ ಮೊದಲು ಯೋಚಿಸಬೇಕು. ಇಬ್ಬರು ಮೂವರಿಗೆ 100 ಲೀಟರ್, ನಾಲ್ಕೈದು ಜನಕ್ಕೆ 200 ಲೀಟರ್ ಸಾಕು. ಇದರಲ್ಲಿ ಎರಡು ಬಗೆ: ಗಾಜಿನ ಕೊಳವೆಗಳದು, ಮತ್ತು ತಾಮ್ರದ ಕೊಳವೆಗಳ ಮೇಲೆ ಗಾಜು ಹೊದಿಸಿದ ಚಪ್ಪಟೆ ಫಲಕದ್ದು. ಗಾಜಿನ ಕೊಳವೆಯದು ಅಗ್ಗ, ಮೋಡದ ದಿನಗಳಲ್ಲೂ ಒಂದಿಷ್ಟು ಕೆಲಸ ಮಾಡುತ್ತದೆ. ಆದರೆ ಒಂದು ಕೊಳವೆ ಒಡೆದರೂ ಟ್ಯಾಂಕಿನ ನೀರೆಲ್ಲ ಹರಿದುಹೋಗುತ್ತದೆ. ತೆಂಗಿನ ಮರ ತಾರಸಿಯ ಮೇಲೆ ಬಾಗಿರುವ ಮನೆಗಳಲ್ಲಿ, ಕೋತಿಗಳ ಕಾಟವಿರುವ ಬೀದಿಗಳಲ್ಲಿ ಇದನ್ನು ಯೋಚಿಸಿಯೇ ಹಾಕಿಸಬೇಕು. ಚಪ್ಪಟೆ ಫಲಕ ಗಟ್ಟಿ, ಬಾಳಿಕೆ ಹೆಚ್ಚು, ಬೆಲೆಯೂ ಹೆಚ್ಚು.

ಆಯ್ಕೆಯನ್ನು ಕೊನೆಗೆ ನಿರ್ಧರಿಸುವುದು ನೀರು. ಮೈಸೂರು ನಗರದ ನಲ್ಲಿಗಳಿಗೆ ಬರುವ ಕಾವೇರಿ, ಕಬಿನಿಯ ನೀರು ಮೆದು. ಹೊರವಲಯದ ಬಡಾವಣೆಗಳಲ್ಲೂ ಮಂಡ್ಯದ ಸುತ್ತಲೂ ಕೊಳವೆಬಾವಿಯನ್ನೇ ನಂಬಿದ ಮನೆಗಳಲ್ಲಿ ಗಡಸು ನೀರು ಸಾಮಾನ್ಯ. ಪಾತ್ರೆಯಲ್ಲಿ ನೀರು ಕಾಯಿಸಿದಾಗ ತಳದಲ್ಲಿ ಬಿಳಿ ಹೊರೆ ಕಟ್ಟುತ್ತಿದ್ದರೆ ಅದೇ ಹೊರೆ ಫಲಕದ ಸಣ್ಣ ತಾಮ್ರದ ಕೊಳವೆಗಳಲ್ಲೂ ಕಟ್ಟಿ ನೀರಿನ ಓಟವನ್ನು ನಿಲ್ಲಿಸುತ್ತದೆ. ಅಂಥ ಕಡೆ ಹೀಟ್ ಎಕ್ಸ್‌ಚೇಂಜರ್ (ಫಲಕದಲ್ಲಿ ಬೇರೆ ದ್ರವ ಸುತ್ತಿ, ಅದರ ಶಾಖವನ್ನು ಮಾತ್ರ ಟ್ಯಾಂಕಿನ ನೀರಿಗೆ ಕೊಡುವ ಏರ್ಪಾಡು) ಇರುವ ಚಪ್ಪಟೆ ಫಲಕವನ್ನಾಗಲಿ, ಗಾಜಿನ ಕೊಳವೆಯದನ್ನಾಗಲಿ ಆರಿಸಿ, ವರ್ಷಕ್ಕೊಮ್ಮೆ ತೊಳೆಸುವ ಖರ್ಚನ್ನೂ ಬೆಲೆಯೊಂದಿಗೆ ಸೇರಿಸಿಕೊಂಡೇ ಲೆಕ್ಕ ಮಾಡಬೇಕು.

ಫಲಕ ದಕ್ಷಿಣಕ್ಕೆ ಮುಖ ಮಾಡಿರಬೇಕು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ, ನಮ್ಮ 12 ಡಿಗ್ರಿ ಅಕ್ಷಾಂಶಕ್ಕೆ ಹತ್ತು ಹದಿನೈದು ಡಿಗ್ರಿ ಕೂಡಿಸಿ, 22ರಿಂದ 27 ಡಿಗ್ರಿ ಓರೆಯಲ್ಲಿ ನಿಲ್ಲಿಸಿದರೆ ಬಿಸಿನೀರು ಹೆಚ್ಚು ಬೇಕಾದ ತಿಂಗಳುಗಳಲ್ಲೇ ಹೆಚ್ಚು ಸಿಗುತ್ತದೆ. ತಣ್ಣೀರಿನ ಟ್ಯಾಂಕು ಸೋಲಾರ್ ಟ್ಯಾಂಕಿಗಿಂತ ಎತ್ತರದಲ್ಲಿರಬೇಕು ಎಂಬುದನ್ನು ಮನೆ ಕಟ್ಟುವಾಗಲೇ ಮೇಸ್ತ್ರಿಗೆ ಹೇಳಿಬಿಡಿ. ಆಮೇಲೆ ಟ್ಯಾಂಕಿಗೆ ಕಟ್ಟೆ ಏರಿಸುವುದು ಇಮ್ಮಡಿ ಕೆಲಸ. ಬಚ್ಚಲುಮನೆಗೆ ಬರುವ ಬಿಸಿನೀರಿನ ಪೈಪು ಆದಷ್ಟು ಗಿಡ್ಡವಾಗಿರಲಿ. ಮುಕ್ಕಾಲು ಇಂಚಿನ ಪೈಪು ಹದಿನೈದು ಮೀಟರ್ ಇದ್ದರೆ, ಬೆಳಿಗ್ಗೆ ಬಿಸಿನೀರು ಬರುವ ಮುನ್ನ ನಾಲ್ಕೈದು ಲೀಟರ್ ತಣ್ಣೀರು ಬಿಡಬೇಕಾಗುತ್ತದೆ. ಪೈಪಿನ ಮೇಲೆ ಶಾಖರೋಧಕ ಹೊದಿಕೆ ಸುತ್ತಿಸಿದರೆ ದಾರಿಯಲ್ಲಿ ಆರುವುದು ತಪ್ಪುತ್ತದೆ.

ಸೋಲಾರ್ ಟ್ಯಾಂಕಿನೊಳಗೆ ಮೋಡದ ದಿನಗಳಿಗೆಂದು ವಿದ್ಯುತ್ ಕಾಯಿಲ್ ಇರುತ್ತದೆ. ಇದರ ಸ್ವಿಚ್ಚನ್ನು ಸದಾ ಹಾಕಿಟ್ಟ ಮನೆಯಲ್ಲಿ ಸೋಲಾರ್ ಇದ್ದೂ ಇಲ್ಲದಂತೆ. ಸಂಜೆ ಎಲ್ಲರ ಸ್ನಾನ ಮುಗಿದು ಟ್ಯಾಂಕಿಗೆ ತಣ್ಣೀರು ತುಂಬಿದೊಡನೆ ಕಾಯಿಲ್ ಇಡೀ 200 ಲೀಟರನ್ನು ಕಾಯಿಸಿಟ್ಟುಬಿಡುತ್ತದೆ. ಬೆಳಿಗ್ಗೆ ಸೂರ್ಯ ಬಂದಾಗ ಕಾಯಿಸಲು ಅವನಿಗೆ ಏನೂ ಉಳಿದಿರುವುದಿಲ್ಲ. ಸ್ವಿಚ್ಚು ಕೈಗೆಟಕುವ ಜಾಗದಲ್ಲಿ, ಕೆಂಪು ದೀಪದೊಂದಿಗೆ ಇರಲಿ. ಜೂನ್‌ನಿಂದ ಆಗಸ್ಟ್‌ವರೆಗಿನ ಜಡಿಮಳೆಯ ದಿನಗಳಲ್ಲಿ ಬೇಕಾದಷ್ಟು ಹೊತ್ತು ಮಾತ್ರ ಹಾಕಿ ಆರಿಸಿದರೆ ಸಾಕು. ಸೋಲಾರ್ ಹೀಟರ್ ಇರುವ ಮನೆಗಳಿಗೆ ವಿದ್ಯುತ್ ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿ ಮೀರದಂತೆ ರಿಯಾಯಿತಿ ಕೊಡುವ ಕ್ರಮ ರಾಜ್ಯದಲ್ಲಿ ಬಹುಕಾಲ ನಡೆದುಬಂದಿದೆ. ಹಾಕಿಸಿದ ಮೇಲೆ ಸೆಸ್ಕ್ ಉಪವಿಭಾಗದಲ್ಲಿ ವಿಚಾರಿಸಿ, ಅರ್ಜಿ ಕೊಡಿ.

ತಾರಸಿಯ ಹಕ್ಕಿಲ್ಲದ ಬಾಡಿಗೆದಾರರಿಗೂ ಅಪಾರ್ಟ್‌ಮೆಂಟ್‌ನವರಿಗೂ ಉಳಿಯುವುದು ಗೀಸರ್. ಇಲ್ಲೊಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಟ್ಯಾಂಕ್ ಇರುವ ಗೀಸರಿನ ಸ್ಟಾರ್‌ಗಳು ಹೇಳುವುದು, ಕಾಯಿಸಿದ ನೀರನ್ನು ಇಪ್ಪತ್ತನಾಲ್ಕು ಗಂಟೆ ಹಾಗೇ ಬಿಟ್ಟರೆ ಎಷ್ಟು ಶಾಖ ಸೋರಿಹೋಗುತ್ತದೆ ಎಂಬುದನ್ನು. ನೀರು ಕಾಯಿಸುವ ಕೆಲಸದಲ್ಲಿ 3 ಸ್ಟಾರಿಗೂ 5 ಸ್ಟಾರಿಗೂ ವ್ಯತ್ಯಾಸವಿಲ್ಲ. 15 ಲೀಟರಿನ, 2 ಕಿಲೋವ್ಯಾಟ್‌ನ ಗೀಸರ್ 22ರಿಂದ 60 ಡಿಗ್ರಿಗೆ ಕಾಯಿಸಲು ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತದೆ. ಸ್ನಾನಕ್ಕೆ ಇಪ್ಪತ್ತು ನಿಮಿಷ ಮುಂಚೆ ಹಾಕಿ, ಮುಗಿದೊಡನೆ ಆರಿಸುವ ಶಿಸ್ತಿನ ಮನೆಯವರು 5 ಸ್ಟಾರಿಗೆ ಹೆಚ್ಚು ಹಣ ತೆರುವುದರಲ್ಲಿ ಲಾಭವಿಲ್ಲ. ಬೆಳಿಗ್ಗೆ ಐದಕ್ಕೆ ಹಾಕಿ ಹತ್ತರವರೆಗೆ ಒಬ್ಬೊಬ್ಬರಾಗಿ ಸ್ನಾನ ಮಾಡುವ ತುಂಬಿದ ಮನೆಗೆ ಮಾತ್ರ 5 ಸ್ಟಾರ್ ಬೇಕು. ಥರ್ಮೋಸ್ಟಾಟನ್ನು 50ರಿಂದ 55ಕ್ಕೆ ಇಳಿಸಿಟ್ಟರೆ ಸೋರಿಕೆಯೂ ಕಡಿಮೆ, ಗಡಸು ನೀರಿನ ಹೊರೆಯೂ ಕಡಿಮೆ. ಟ್ಯಾಂಕಿನೊಳಗಿನ ಮೆಗ್ನೀಸಿಯಂ ಸಲಾಕೆ ತುಕ್ಕನ್ನು ತನ್ನ ಮೇಲೆಳೆದುಕೊಂಡು ಸವೆಯುತ್ತದೆ. ಸರ್ವಿಸ್ ಮಾಡಿಸುವಾಗ ಅದನ್ನು ಬದಲಿಸಿದರೆ ಟ್ಯಾಂಕು ಉಳಿಯುತ್ತದೆ.

ಗ್ಯಾಸ್ ಗೀಸರನ್ನು ಬಚ್ಚಲುಮನೆಯ ಒಳಗೆ ಹಾಕಿಸಲೇಬಾರದು. ಗಾಳಿಯಾಡದ ಸಣ್ಣ ಕೋಣೆಯಲ್ಲಿ ಅನಿಲ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಹೊರಬಾರದೆ ಪ್ರಾಣ ಕಳೆದುಕೊಂಡ ಪ್ರಕರಣಗಳು ನಡೆದಿವೆ. ಹಾಕಿಸಲೇಬೇಕೆಂದರೆ ಹೊರಗಿನ ತೆರೆದ ಜಾಗದಲ್ಲಿಟ್ಟು ನೀರಿನ ಪೈಪನ್ನು ಮಾತ್ರ ಒಳಗೆ ತನ್ನಿ.

ಐದಾರು ಜನಕ್ಕಿಂತ ಹೆಚ್ಚಿರುವ ಮನೆಗೆ, ಪಿಜಿ ನಡೆಸುವವರಿಗೆ ಹೀಟ್ ಪಂಪ್ ಎಂಬ ಇನ್ನೊಂದು ದಾರಿ ಇದೆ. ಇದು ಹೊರಗಿನ ಗಾಳಿಯ ಶಾಖವನ್ನೆಳೆದು ನೀರಿಗೆ ಸೇರಿಸುವುದರಿಂದ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್‌ನಷ್ಟು ಶಾಖ ಕೊಡುತ್ತದೆ, ಮತ್ತು ವರ್ಷವಿಡೀ ಬೆಚ್ಚಗಿರುವ ನಮ್ಮ ಹವೆ ಅದಕ್ಕೆ ಹೇಳಿಮಾಡಿಸಿದಂತಿದೆ. ಬೆಲೆ ಮಾತ್ರ ಸಾಮಾನ್ಯ ಗೀಸರಿನ ಹಲವು ಪಟ್ಟು. ಇನ್ನು ಮಂಡ್ಯ, ಮದ್ದೂರು, ಪಾಂಡವಪುರದ ಹಳ್ಳಿಗಳಲ್ಲಿ ಹಿತ್ತಲ ತುಂಬ ತೆಂಗಿನ ಮಟ್ಟೆ, ಎಡೆಮಟ್ಟೆ ಬಿದ್ದಿರುವ ಮನೆಯವರು ಹಂಡೆಯೊಲೆಯನ್ನು ಕಿತ್ತುಹಾಕುವ ಆತುರ ಮಾಡಬೇಕಾಗಿಲ್ಲ. ಹೊಗೆ ಮನೆಯೊಳಗೆ ಬಾರದಂತೆ ಕೊಳವೆ ಇದ್ದರೆ ಅದಕ್ಕಿಂತ ಅಗ್ಗದ ಬಿಸಿನೀರು ಇನ್ನೊಂದಿಲ್ಲ.

ರೂಂ ಹೀಟರ್ ವಿಷಯ ಎರಡೇ ಮಾತು. ಎಣ್ಣೆಯದಾಗಲಿ, ಕಾಯಿಲಿನದಾಗಲಿ, ಒಂದು ಯೂನಿಟ್ ವಿದ್ಯುತ್ತಿಗೆ ಕೊಡುವ ಶಾಖ ಒಂದೇ. ಬಾಣಂತಿಯೋ ವಯಸ್ಸಾದವರೋ ಇರುವ ಮನೆ ಬಿಟ್ಟರೆ ಇಲ್ಲಿ ಅದು ಬೇಕಾಗುವುದಿಲ್ಲ, ಬಿಸಿ ಗಾಳಿಯನ್ನೂ ಕೊಡುವ ಎಸಿಗೆ ಹೆಚ್ಚು ಹಣ ಕೊಡುವುದೂ ದಂಡ.

ಐದನೆಯ ಹಂತ: ಕೂಲರೋ ಎಸಿಯೋ

ಮಾರ್ಚ್, ಏಪ್ರಿಲ್‌ನ ಮೈಸೂರಿನ ಮಧ್ಯಾಹ್ನದ ಹವೆ ಒಣಗಿರುವುದರಿಂದ ಏರ್ ಕೂಲರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಎಳೆಯುವುದು ನೂರರಿಂದ ಇನ್ನೂರು ವ್ಯಾಟ್ ಮಾತ್ರ. ಆದರೆ ಅದನ್ನು ಕಿಟಕಿಯ ಬಳಿಯಿಟ್ಟು, ಎದುರಿನ ಕಿಟಕಿಯನ್ನು ತೆರೆದಿಡಬೇಕು. ಬಾಗಿಲು ಹಾಕಿಕೊಂಡು ಓಡಿಸಿದರೆ ಅರ್ಧ ಗಂಟೆಯಲ್ಲಿ ಕೋಣೆ ಬರೀ ತೇವವಾಗುತ್ತದೆ. ಏಪ್ರಿಲ್ ಕೊನೆಗೆ ಮಾವಿನ ಮಳೆ ಬಿದ್ದ ಮೇಲೆ ಅದರ ಆಟ ನಡೆಯುವುದಿಲ್ಲ. ನೀರಿಗೆ ಪರದಾಟವಿರುವ ಬೀದಿಯಲ್ಲಿ ದಿನಕ್ಕೆ ಇಪ್ಪತ್ತು ಮೂವತ್ತು ಲೀಟರ್ ಅದಕ್ಕೆ ಸುರಿಯುವುದೂ ಯೋಚಿಸಬೇಕಾದ ಮಾತು.

ಎಸಿಯೇ ಬೇಕೆಂದು ನಿರ್ಧರಿಸಿದವರು ಲೇಬಲನ್ನು ಹೀಗೆ ಓದಬೇಕು. ಸ್ಟಾರ್‌ಗಳ ಕೆಳಗೆ ಐಎಸ್‌ಇಇಆರ್ ಎಂಬ ಅಂಕಿ ಇರುತ್ತದೆ. ಇಡೀ ಋತುವಿನಲ್ಲಿ ಕೋಣೆಯಿಂದ ತೆಗೆದ ಶಾಖವನ್ನು ಅದಕ್ಕೆ ಖರ್ಚಾದ ವಿದ್ಯುತ್ತಿನಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. 2018ರ ಪಟ್ಟಿಯಲ್ಲಿ ಸ್ಪ್ಲಿಟ್ ಎಸಿಗೆ 5 ಸ್ಟಾರ್ ಸಿಗಲು 4.5 ಸಾಕಾಗಿತ್ತು; 2022ರ ಜುಲೈಯಿಂದ ಅದು 5.0ಕ್ಕೆ ಏರಿತು, 3 ಸ್ಟಾರಿಗೆ 3.8 ಎಂದಾಯಿತು. ಮಾನದಂಡವನ್ನು ಹೀಗೆ ಕಾಲಕಾಲಕ್ಕೆ ಬಿಗಿ ಮಾಡುತ್ತಾರಾದ್ದರಿಂದ ಗೋದಾಮಿನಲ್ಲಿ ಉಳಿದ ಹಳೆಯ ವರ್ಷದ 5 ಸ್ಟಾರ್ ಮತ್ತು ಈ ವರ್ಷದ 4 ಸ್ಟಾರ್ ಒಂದೇ ಯಂತ್ರವಾಗಿರಬಹುದು. ಸ್ಟಾರ್ ಎಣಿಸುವ ಬದಲು ಲೇಬಲ್‌ನ ವರ್ಷವನ್ನೂ ಐಎಸ್‌ಇಇಆರ್ ಅಂಕಿಯನ್ನೂ ನೋಡಿ.

ಲೇಬಲ್ ಮೇಲಿನ ವಾರ್ಷಿಕ ಯೂನಿಟ್‌ಗಳು ವರ್ಷಕ್ಕೆ 1600 ಗಂಟೆ ಓಡುತ್ತದೆ ಎಂಬ ಲೆಕ್ಕದವು. ನಮ್ಮಲ್ಲಿ ಮಲಗುವ ಕೋಣೆಯ ಎಸಿ ಎಪ್ಪತ್ತು ಎಂಬತ್ತು ರಾತ್ರಿ, ದಿನಕ್ಕೆ ಆರೇಳು ಗಂಟೆ ಓಡಿದರೆ 500 ಗಂಟೆಯ ಆಸುಪಾಸು. ಒಂದೂವರೆ ಟನ್ನಿನ 3 ಸ್ಟಾರಿಗೆ ಲೇಬಲ್‌ನಲ್ಲಿ ಸುಮಾರು 1000, 5 ಸ್ಟಾರಿಗೆ ಸುಮಾರು 760 ಯೂನಿಟ್ ಎಂದಿದ್ದರೆ, ಕಾಣುವ 240 ಯೂನಿಟ್‌ನ ಉಳಿತಾಯ ಇಲ್ಲಿ 75ಕ್ಕೆ ಇಳಿಯುತ್ತದೆ, ಅಂದರೆ ವರ್ಷಕ್ಕೆ 525 ರೂಪಾಯಿ. ಬೆಲೆಯಲ್ಲಿ ಆರೇಳು ಸಾವಿರ ವ್ಯತ್ಯಾಸವಿದ್ದರೆ ಅದು ಹುಟ್ಟುವುದಕ್ಕೆ ಹನ್ನೆರಡು ವರ್ಷ ಬೇಕು. ಹೀಗಾಗಿ ಮೈಸೂರಿನ ಸಾಮಾನ್ಯ ಮನೆಗೆ 3 ಸ್ಟಾರಿನ ಇನ್ವರ್ಟರ್ ಎಸಿ (ಅಗತ್ಯಕ್ಕೆ ತಕ್ಕಂತೆ ಕಂಪ್ರೆಸರಿನ ವೇಗ ಬದಲಿಸುವಂಥದು) ಸಾಕು ಎಂಬುದು ನನ್ನ ಅಭಿಪ್ರಾಯ. ಎರಡು ಸಂದರ್ಭಗಳಲ್ಲಿ ಇದು ತಿರುವುಮುರುವಾಗುತ್ತದೆ: ಮನೆಯಿಂದಲೇ ಕೆಲಸ ಮಾಡುತ್ತಾ ಹಗಲೂ ರಾತ್ರಿ ಎಸಿ ಓಡಿಸುವವರಿಗೆ, ಮತ್ತು ಮೇಲೆ ಹೇಳಿದಂತೆ 200 ಯೂನಿಟ್‌ನ ಅಂಚಿನಲ್ಲಿರುವವರಿಗೆ 5 ಸ್ಟಾರೇ ಸರಿ.

ಅಳತೆಯ ವಿಷಯದಲ್ಲಿ, ನೂರಿಪ್ಪತ್ತು ಚದರಡಿಯವರೆಗಿನ ಕೋಣೆಗೆ ಒಂದು ಟನ್, ನೂರೆಂಬತ್ತಕ್ಕೆ ಒಂದೂವರೆ ಟನ್ ಎಂಬುದು ಸಾಧಾರಣ ಲೆಕ್ಕ. ಬಿಸಿಲಿಗೆ ಕಾಯುವ ಮೇಲಂತಸ್ತಾದರೆ ಒಂದು ಮೆಟ್ಟಿಲು ಮೇಲೆ. ತಾರಸಿಗೆ ಬಿಳಿ ಬಳಿಸಿದ್ದರೆ ಆ ಮೆಟ್ಟಿಲು ಬೇಕಾಗದಿರಬಹುದು. ದೊಡ್ಡದಿದ್ದರೆ ಒಳ್ಳೆಯದೆಂದು ತಂದರೆ ಅದು ಬೇಗ ತಣಿಸಿ ನಿಂತುಬಿಡುತ್ತದೆ, ಹವೆಯ ತೇವ ಹಾಗೇ ಉಳಿಯುತ್ತದೆ. ಒಳಗಿನ ಶೀತಕದ ಬಗ್ಗೆಯೂ ಕೇಳಿ: ಆರ್-410ಎಗಿಂತ ಆರ್-32, ಅದಕ್ಕಿಂತ ಆರ್-290 ವಾತಾವರಣಕ್ಕೆ ಕಡಿಮೆ ಹಾನಿಕರ.

ಕೂರಿಸುವಾಗ ಮೂರು ಸಂಗತಿಗಳನ್ನು ನಿಂತು ನೋಡಬೇಕು. ಹೊರಗಿನ ಘಟಕ ಪಶ್ಚಿಮದ ಬಿಸಿಲಿಗಾಗಲಿ, ಮೂರೂ ಕಡೆ ಮುಚ್ಚಿದ ಯುಟಿಲಿಟಿ ಮೂಲೆಗಾಗಲಿ ಬೀಳಬಾರದು. ತಾಮ್ರದ ಪೈಪು ಗಿಡ್ಡವಾಗಿರಬೇಕು. ಗ್ಯಾಸ್ ಬಿಡುವ ಮುನ್ನ ಪೈಪಿನೊಳಗಿನ ಗಾಳಿಯನ್ನು ವ್ಯಾಕ್ಯೂಮ್ ಪಂಪಿನಿಂದ ತೆಗೆಸಬೇಕು. ಸ್ವಲ್ಪ ಗ್ಯಾಸನ್ನೇ ಹೊರಬಿಟ್ಟು ಗಾಳಿ ತಳ್ಳುವ ಅಡ್ಡದಾರಿಯಿಂದ ಒಳಗೆ ತೇವ ಉಳಿದು ಕಂಪ್ರೆಸರಿನ ಆಯಸ್ಸು ಕಡಿಮೆಯಾಗುತ್ತದೆ. ಕೂರಿಸಲು ಬಂದ ಹುಡುಗರು ಆತುರದಲ್ಲಿದ್ದರೂ ಬಿಡಬೇಡಿ. 2020ರಿಂದ ಹೊಸ ಎಸಿಗಳು ಹಾಕಿದೊಡನೆ 24 ಡಿಗ್ರಿಯಲ್ಲಿ ಆರಂಭವಾಗುವಂತೆ ನಿಯಮವಿದೆ. ಅದನ್ನು 26ಕ್ಕೆ ಏರಿಸಿ ಜೊತೆಗೆ ಫ್ಯಾನು ಹಾಕಿಕೊಂಡರೆ ಸುಖದಲ್ಲಿ ಕೊರತೆಯಿಲ್ಲ, ಡಿಗ್ರಿಯೊಂದಕ್ಕೆ ಶೇಕಡ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಬಿಇಇಯ ಲೆಕ್ಕ.

ಕೊನೆಯ ಹಂತ: ವೈರಿಂಗ್ ಮತ್ತು ಲೋಡ್

ಒಂದೂವರೆ ಟನ್ನಿನ ಎಸಿಗೂ 3 ಕಿಲೋವ್ಯಾಟ್‌ನ ಇನ್‌ಸ್ಟಂಟ್ ಗೀಸರಿಗೂ ಮೇನ್ ಬೋರ್ಡಿನಿಂದಲೇ 4 ಚದರ ಮಿಲಿಮೀಟರಿನ ಪ್ರತ್ಯೇಕ ವೈರು, ಪ್ರತ್ಯೇಕ ಎಂಸಿಬಿ (ಲೋಡ್ ಮೀರಿದರೆ ತಾನೇ ಕರೆಂಟು ಕಡಿಯುವ ಸ್ವಿಚ್ಚು), ಸರಿಯಾದ ಅರ್ಥಿಂಗ್ ಬೇಕು. ಹಳೆಯ ಮನೆಗಳಲ್ಲಿ ಮಂಜೂರಾದ ಲೋಡ್ ಒಂದೆರಡು ಕಿಲೋವ್ಯಾಟ್ ಮಾತ್ರ ಇರುತ್ತದೆ. ಬಿಲ್ಲಿನ ಮೇಲ್ಭಾಗದಲ್ಲಿ ಅದು ಮುದ್ರಿತವಾಗಿರುತ್ತದೆ. ಎಸಿ ತರುವ ಮುನ್ನವೇ ಸೆಸ್ಕ್ ಉಪವಿಭಾಗಕ್ಕೆ ಅರ್ಜಿ ಕೊಟ್ಟು ಲೋಡ್ ಹೆಚ್ಚಿಸಿಕೊಳ್ಳಿ. ನಿಗದಿತ ಶುಲ್ಕವನ್ನು ಕಿಲೋವ್ಯಾಟ್ ಲೆಕ್ಕದಲ್ಲಿ ಹನ್ನೆರಡು ತಿಂಗಳೂ ವಸೂಲಿ ಮಾಡುವುದರಿಂದ, ಎರಡು ತಿಂಗಳ ಎಸಿಗಾಗಿ ಏರಿಸಿದ ಲೋಡಿನ ಶುಲ್ಕವನ್ನೂ ಆ ಎಸಿಯ ಖರ್ಚಿಗೇ ಬರೆದುಕೊಳ್ಳಬೇಕು. ಗೀಸರ್ ಮತ್ತು ಎಸಿಯನ್ನು ಒಟ್ಟಿಗೆ ಓಡಿಸದ ರೂಢಿ ಮಾಡಿಕೊಂಡರೆ ಒಂದು ಕಿಲೋವ್ಯಾಟ್ ಕಡಿಮೆ ಲೋಡಿನಲ್ಲೇ ಮನೆ ನಡೆಯುತ್ತದೆ.